ಐಸಿಯುನಲ್ಲಿ ಆ್ಯಂಟಿಬಯಾಟಿಕ್ ನಿಲ್ಲಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು (ಐಸಿಯುಗೆ ಹೊಸದಾಗಿ ಸೇರಿದ ಡಾಕ್ಟರ್): ನಮ್ಮಲ್ಲಿ ರಾತ್ರಿ ಯಾರಿಗಾದರೂ ಜ್ವರ ಬಂದರೆ ಮೆರೋಪೆನಮ್ (ತುಂಬಾ ಬಲವಾದ ಆ್ಯಂಟಿಬಯಾಟಿಕ್) ಶುರುವಾಗುತ್ತದೆ. ಮೂರನೇ ದಿನ ರೋಗಿ ಸುಧಾರಿಸಿದರೂ ಅದು ಹಾಗೇ ಮುಂದುವರಿಯುತ್ತದೆ. ಕೇಳಿದರೆ "ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಬದಲಾಯಿಸೋದು" ಅನ್ನುತ್ತಾರೆ. ನಿಮ್ಮಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ?

ಐಸಿಯು ಡಾಕ್ಟರ್: ಮೊದಲಿಗೆ, ಶುರು ಮಾಡಿದವರ ಜೊತೆ ಜಗಳಕ್ಕೆ ಹೋಗಬೇಡಿ. ಸೆಪ್ಟಿಕ್ ಶಾಕ್ (ಸೋಂಕಿನಿಂದ ಬಿಪಿ ಕುಸಿದ ಸ್ಥಿತಿ) ಇದ್ದರೆ ಒಂದು ಗಂಟೆಯೊಳಗೆ ಔಷಧ ಹೋಗಲೇಬೇಕು. ಶಾಕ್ ಇಲ್ಲ, ಸೋಂಕು ಹೌದೋ ಅಲ್ಲವೋ ಅನ್ನುವುದೂ ಅನುಮಾನ ಅಂದರೆ, 2021ರ ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ಮಾರ್ಗಸೂಚಿ ಮೂರು ಗಂಟೆಯವರೆಗೆ ಕಾರಣ ಹುಡುಕಾಡಲು ಬಿಡುತ್ತದೆ. ಐಸಿಯುನಲ್ಲಿ ಎಲ್ಲ ಜ್ವರವೂ ಸೋಂಕಿನದ್ದಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಕೊಡುತ್ತಿರುವ ಔಷಧವೇ ಕಾರಣ ಇರಬಹುದು.

ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಒಂದೇ ಪದ್ಧತಿ. ಔಷಧ ಬರೆಯುವಾಗಲೇ ಯಾವ ಸೋಂಕಿಗೆ, ಯಾವ ದಿನ ಮತ್ತೆ ನೋಡುವುದು ಎಂದೂ ಬರೆಯಬೇಕು. "ಸೆಪ್ಸಿಸ್" ಎಂದಷ್ಟೇ ಬರೆದರೆ ಸಾಲದು. ಶ್ವಾಸಕೋಶವಾ, ಹೊಟ್ಟೆಯಾ, ಸೆಂಟ್ರಲ್ ಲೈನಾ (ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ)? ಜಾಗ ಗೊತ್ತಾದರೆ ಎಷ್ಟು ದಿನ ಎಂಬ ಮಾತು ತಾನಾಗಿ ಬರುತ್ತದೆ.

ಈ ಮಾತಿಗೆ ಒಳ್ಳೆಯ ಆಧಾರವೂ ಇದೆ. ವೆಂಟಿಲೇಟರ್ ನ್ಯುಮೋನಿಯಾಗೆ 8 ದಿನ ಕೊಟ್ಟವರೂ 15 ದಿನ ಕೊಟ್ಟವರೂ ಒಂದೇ ರೀತಿ ಬದುಕಿದರು ಎಂದು 2003ರಲ್ಲೇ ಗೊತ್ತಾಯಿತು. ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಇದ್ದವರಲ್ಲಿ ಮಾತ್ರ ಸೋಂಕು ಮರುಕಳಿಸಿದ್ದು ಜಾಸ್ತಿ. ಹೊಟ್ಟೆಯ ಸೋಂಕಿನಲ್ಲಿ ಕೀವನ್ನು ಸರಿಯಾಗಿ ಹೊರತೆಗೆದ ಮೇಲೆ ಸುಮಾರು 4 ದಿನ ಸಾಕು ಎಂದು 2015ರ ಅಧ್ಯಯನ ಹೇಳಿತು. ರಕ್ತದ ಸೋಂಕಿಗೆ 7 ದಿನವೂ 14 ದಿನವೂ ಸಮ ಎಂದು 2024ರಲ್ಲಿ ಬಂತು. ಆದರೆ ಅದರಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದ್ದವರನ್ನು ಸೇರಿಸಿರಲಿಲ್ಲ. ಅದಕ್ಕೆ ಈ ಲೆಕ್ಕ ಹಾಕಬೇಡಿ.

ಮೈಕ್ರೋಬಯಾಲಜಿ ಲ್ಯಾಬ್‌ನಿಂದ: ನಿಲ್ಲಿಸಲು ಧೈರ್ಯ ಬರಬೇಕಾದರೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಸರಿಯಾಗಿ ಬರಬೇಕು. ಮೊದಲ ಡೋಸ್‌ಗೆ ಮುಂಚೆ ಎರಡು ಬೇರೆ ಜಾಗದಿಂದ ರಕ್ತ ತೆಗೆಯಿರಿ. ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಎಂಎಲ್ ಬೇಕು. ನಮಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ ಎರಡು ಮೂರು ಎಂಎಲ್ ಇರುತ್ತದೆ. ಆಮೇಲೆ "ಏನೂ ಬೆಳೀಲಿಲ್ಲ" ಅಂದರೆ ನಂಬುವುದು ಹೇಗೆ?

ಇನ್ನೊಂದು, ಬೆಳೆದದ್ದಕ್ಕೆಲ್ಲ ಔಷಧ ಕೊಡಬೇಡಿ. ಉಸಿರಾಟದ ಟ್ಯೂಬ್‌ನಿಂದ ತೆಗೆದ ಕಫದಲ್ಲಿ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ ಎಂದಿಟ್ಟುಕೊಳ್ಳಿ. ಎಕ್ಸ್‌ರೇ ಬದಲಾಗಿಲ್ಲ, ಆಕ್ಸಿಜನ್ ಜಾಸ್ತಿ ಬೇಕಾಗಿಲ್ಲ ಅಂದರೆ ಅದು ಅಲ್ಲಿ ಸುಮ್ಮನೆ ಮನೆ ಮಾಡಿಕೊಂಡಿರಬಹುದು. ಕ್ಯಾಥೆಟರ್ ಮೂತ್ರವೂ ಅಷ್ಟೇ. ನಾವು ರಿಪೋರ್ಟ್ ಕೊಡುತ್ತೇವೆ, ರೋಗಿಯನ್ನು ನೋಡಿರುವುದಿಲ್ಲ.

"ಯಾಕೆ ಬದಲಾಯಿಸೋದು" ಅನ್ನುವವರಿಗೆ ಇದನ್ನು ಹೇಳಿ. ಮೆರೋಪೆನಮ್ ಸುಮ್ಮನೆ ಮುಂದುವರಿದಷ್ಟೂ ಕರುಳಿನ ಸಾಧಾರಣ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಔಷಧವನ್ನೇ ಒಡೆಯುವ ಕಿಣ್ವ ಇರುವ ಕ್ಲೆಬ್ಸಿಯೆಲ್ಲಾ ಇದ್ದರೆ ಅದಕ್ಕೆ ಜಾಗ ಸಿಗುತ್ತದೆ. ಸ್ಟೆನೊಟ್ರೊಫೊಮೊನಾಸ್ ಅಂತೂ ಹುಟ್ಟಿನಿಂದಲೇ ಮೆರೋಪೆನಮ್‌ಗೆ ಬಗ್ಗುವುದಿಲ್ಲ. ಮುಂದಿನ ಸೋಂಕು ಆ ಕ್ಲೆಬ್ಸಿಯೆಲ್ಲಾದ್ದೇ ಆದರೆ ಕೈಯಲ್ಲಿ ಉಳಿಯುವುದು ಎಷ್ಟೋ ಸಲ ಕೊಲಿಸ್ಟಿನ್‌ನಂಥ ಕೊನೆಯ ಔಷಧ. ಅದು ಕಿಡ್ನಿಗೆ ಹೊಡೆತ.

ಐಸಿಯು ನರ್ಸ್: ಡಾಕ್ಟ್ರೇ, ದಿನದ ಲೆಕ್ಕ ನಮ್ಮ ಕೈಗೆ ಕೊಡಿ. ರೌಂಡ್ಸ್‌ನಲ್ಲಿ "ಇವತ್ತು ಆ್ಯಂಟಿಬಯಾಟಿಕ್ ಎಷ್ಟನೇ ದಿನ" ಎಂದು ನಾವೇ ಜೋರಾಗಿ ಓದುತ್ತೇವೆ. ಓದಿದ ಮೇಲೆ ಯಾರಾದರೂ ಉತ್ತರ ಕೊಡಲೇಬೇಕಲ್ವಾ. ಜೊತೆಗೆ ಕ್ಯಾಥೆಟರ್, ಲೈನ್ ಇನ್ನೂ ಬೇಕಾ ಎಂದೂ ಕೇಳುತ್ತೇವೆ. ಬೇಡದ್ದನ್ನು ಬೇಗ ತೆಗೆದರೆ ಮುಂದಿನ ಸೋಂಕೇ ತಪ್ಪಬಹುದು. ಕೈ ತೊಳೆಯುವುದನ್ನು ಮತ್ತೆ ಹೇಳಬೇಕಾ? ಒಂದು ಮಾತ್ರ ಹೇಳುತ್ತೇನೆ, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಭೇದಿ ಇದ್ದವರ ಹತ್ತಿರ ಹ್ಯಾಂಡ್‌ರಬ್ ಸಾಲದು. ಅದರ ಬೀಜಕಣ ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು, ನೀರೇ ಬೇಕು.

ಕ್ಲಿನಿಕಲ್ ಫಾರ್ಮಸಿಸ್ಟ್: ಕಡಿಮೆ ದಿನ ಅಂದರೆ ಕಡಿಮೆ ಡೋಸ್ ಅಲ್ಲ. ಕಿಡ್ನಿ ಸರಿ ಇಲ್ಲದಿದ್ದರೂ ಮೊದಲ ಡೋಸ್ ಪೂರ್ತಿ ಹೋಗಲಿ. ಗಾಯಗೊಂಡ ಚಿಕ್ಕ ವಯಸ್ಸಿನವರಲ್ಲಿ ಕೆಲವೊಮ್ಮೆ ಉಲ್ಟಾ, ಕಿಡ್ನಿ ಔಷಧವನ್ನು ಬಲು ಬೇಗ ಹೊರಹಾಕುತ್ತದೆ. ಅಲ್ಲಿ ಮಾಮೂಲಿ ಡೋಸ್ ಸಾಲದೆ ಹೋಗಬಹುದು.

ಕೇಳಿದವರು: ಎಲ್ಲ ಸರಿ. ನಮ್ಮ ಸೀನಿಯರ್ ಒಪ್ಪದಿದ್ದರೆ?

ಐಸಿಯು ಡಾಕ್ಟರ್: "ನಿಲ್ಲಿಸೋಣ" ಎಂದಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅವರಿಗಿರುವುದು ಭಯ. ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವ ಅಂಶದ ರಕ್ತಪರೀಕ್ಷೆ) ಮಾಡಿಸುತ್ತಿದ್ದರೆ ಅದನ್ನು ತೋರಿಸಿ. ಗರಿಷ್ಠ ಮಟ್ಟದಿಂದ 80% ಇಳಿದು ರೋಗಿಯೂ ಸುಧಾರಿಸಿದ್ದರೆ ನಿಲ್ಲಿಸಲು ಅದು ಬೆಂಬಲ. ಆದರೆ ಶುರು ಮಾಡಬೇಕೋ ಬೇಡವೋ ಎಂಬುದಕ್ಕೆ ಅದನ್ನು ನೆಚ್ಚಬೇಡಿ. ಆಮೇಲೆ ಹೀಗೆ ಕೇಳಿ: "ಸರ್, ಇವತ್ತು ನಿಲ್ಲಿಸುತ್ತೇವೆ. ಬಿಪಿ ಇಳಿದರೆ ಅಥವಾ ಹೊಸದಾಗಿ ಜ್ವರ ಬಂದರೆ ಕಲ್ಚರ್ ತೆಗೆದು ನಿಮಗೆ ಫೋನ್ ಮಾಡುತ್ತೇನೆ." ಅದನ್ನೇ ಕೇಸ್‌ಶೀಟ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ರಾತ್ರಿ ಡ್ಯೂಟಿಯವರು ಮತ್ತೆ ಮೆರೋಪೆನಮ್ ಹಾಕಿರುತ್ತಾರೆ.