ಜಪಾನಿ ಗೆಳತಿಯೊಂದಿಗೆ ಆಡುವ ಮಗುವಿಗೆ ಆ ಭಾಷೆ, ಸಂಸ್ಕೃತಿಗಳನ್ನು ಪರಿಚಯಿಸುವುದು ಹೇಗೆ?

ಪ್ರಶ್ನೆ: ತೋರಣಗಲ್ಲಿನ ತಾಯಿ

ಎಲ್ಲರಿಗೂ ನಮಸ್ಕಾರ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಜಪಾನಿನಿಂದ ಬಂದಿರುವ ಕುಟುಂಬವೊಂದು ನಮ್ಮ ಮನೆಯ ಸಾಲಿನಲ್ಲಿಯೇ ವಾಸವಾಗಿದೆ. ಅವರ ಆರು ವರ್ಷದ ಮಗಳಿಗೂ ನನ್ನ ಐದು ವರ್ಷದ ಮಗಳಿಗೂ ಒಳ್ಳೆಯ ಗೆಳೆತನ ಬೆಳೆದಿದ್ದು, ಬಿಸಿಲು ಇಳಿದ ಮೇಲೆ ಇಬ್ಬರೂ ಕೂಡಿ ಆಡುತ್ತಾರೆ. ಆ ಮಗುವಿಗೆ ಇಂಗ್ಲಿಷ್ ಬಾರದು. ನನ್ನ ಮಗಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಈ ಗೆಳೆತನದ ಮೂಲಕವೇ ಅವಳಿಗೆ ಜಪಾನಿ ಭಾಷೆಯೂ ಅಲ್ಲಿನ ನಡೆನುಡಿಯೂ ಸ್ವಲ್ಪ ತಿಳಿಯಲಿ ಎಂಬುದು ನನ್ನ ಆಸೆ. ಆನ್‌ಲೈನ್ ತರಗತಿಗೆ ಸೇರಿಸಿ ಎಂದು ಕೆಲವರು ಹೇಳುತ್ತಿದ್ದಾರೆ. ಎಲ್ಲಿಂದ ಆರಂಭಿಸಬೇಕು? ಆ ಮಗುವನ್ನು ಊಟಕ್ಕೆ ಕರೆಯುವಾಗ ಏನನ್ನು ಗಮನಿಸಬೇಕು?

ಉತ್ತರ 1: ರಾಯಚೂರಿನಿಂದ, ಕೆಲಕಾಲ ಜಪಾನಿನಲ್ಲಿದ್ದವನು

ಸಹೋದರಿ, ಈ ವಯಸ್ಸಿಗೆ ತರಗತಿಯ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಆಟಗಳು ಬರಲಿ. ಕಲ್ಲು, ಕಾಗದ, ಕತ್ತರಿಯ ಆಟವನ್ನು ಅಲ್ಲಿ ‘ಜಾನ್ ಕೆನ್ ಪೊನ್’ ಎಂದು ಕೂಗಿ ಆಡುತ್ತಾರೆ. ಯಾರು ಮೊದಲು ಆಡಬೇಕು, ಉಳಿದ ಮಿಠಾಯಿ ಯಾರಿಗೆ ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ‘ದಾರುಮಾ ಸಾನ್ ಗಾ ಕೊರೊಂದಾ’ ಎಂಬ ಆಟದಲ್ಲಿ ಒಬ್ಬರು ಮರದ ಕಡೆಗೆ ಮುಖಮಾಡಿ ಆ ಸಾಲನ್ನು ಹೇಳಿ ಮುಗಿಸುವಷ್ಟರಲ್ಲಿ ಉಳಿದವರು ಹತ್ತಿರ ಬರಬೇಕು, ತಿರುಗಿ ನೋಡಿದಾಗ ಅಲುಗಾಡದೆ ನಿಲ್ಲಬೇಕು. ಕಾಳು ತುಂಬಿದ ಪುಟ್ಟ ಬಟ್ಟೆಚೀಲಗಳನ್ನು ಮೇಲೆಸೆದು ಹಿಡಿಯುವ ‘ಒತೆದಾಮಾ’ ನಮ್ಮ ಹೆಣ್ಣುಮಕ್ಕಳ ಗಜ್ಜುಗದ ಆಟಕ್ಕೆ ಬಹಳ ಸಮೀಪದ್ದು. ಇವುಗಳಲ್ಲಿ ಒಂದನ್ನು ಆ ಮಗು ಕಲಿಸಲಿ, ನಮ್ಮ ಆಟವೊಂದನ್ನು ನಿಮ್ಮ ಮಗಳು ಕಲಿಸಲಿ.

ಭಾಷೆಯ ವಿಷಯಕ್ಕೆ ಬಂದರೆ, ದಯವಿಟ್ಟು ಇಂಗ್ಲಿಷನ್ನು ನಡುವೆ ತರಬೇಡಿ. ಜಪಾನಿ ವಾಕ್ಯದಲ್ಲಿ ಕ್ರಿಯಾಪದವು ಕನ್ನಡದಲ್ಲಿರುವಂತೆ ಕೊನೆಯಲ್ಲಿ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಪ್ರತ್ಯಯಗಳು ನಾಮಪದದ ನಂತರ ನಿಲ್ಲುತ್ತವೆ. ‘ಗಕ್ಕೋ ನಿ ಇಕು’ ಎಂದರೆ ಶಾಲೆಗೆ ಹೋಗುವುದು, ‘ಮಿಜು ಒ ನೊಮು’ ಎಂದರೆ ನೀರನ್ನು ಕುಡಿಯುವುದು. ಕನ್ನಡದ ಮಗು ಈ ವಾಕ್ಯಗಳನ್ನು ಪದದಿಂದ ಪದಕ್ಕೆ ಹಿಂಬಾಲಿಸಬಲ್ಲದು. ಹೊಸ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದಿಡಿ, ಏಕೆಂದರೆ ಜಪಾನಿಯಲ್ಲಿ ಹ್ರಸ್ವ, ದೀರ್ಘ ಮತ್ತು ಒತ್ತಿನ ವ್ಯತ್ಯಾಸದಿಂದ ಅರ್ಥವೇ ಬದಲಾಗುತ್ತದೆ ಮತ್ತು ನಮ್ಮ ಲಿಪಿ ಆ ವ್ಯತ್ಯಾಸವನ್ನು ನೇರವಾಗಿ ತೋರಿಸುತ್ತದೆ.

ಅಕ್ಷರಗಳ ಬಗ್ಗೆ ಒಂದು ಮಾತು. ಹಿರಗಾನಾ ಲಿಪಿಯಲ್ಲಿ ಮೂಲಾಕ್ಷರಗಳು 46. ಅವುಗಳ ಕ್ರಮ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಕಿ, ಕು, ಕೆ, ಕೊ ಎಂದು ನಮ್ಮ ಕಾಗುಣಿತದಂತೆ ಸಾಗುತ್ತದೆ. ಬೌದ್ಧ ಭಿಕ್ಷುಗಳು ಅಧ್ಯಯನ ಮಾಡುತ್ತಿದ್ದ ಸಿದ್ಧಂ ಲಿಪಿಯ ಮೂಲಕ ಭಾರತೀಯ ವರ್ಣಮಾಲೆಯ ಕ್ರಮ ಅಲ್ಲಿಗೆ ತಲುಪಿದ ಫಲ ಇದು. ಆರು ವರ್ಷದ ಆ ಮಗುವೂ ಈಗಷ್ಟೇ ಅಕ್ಷರ ತಿದ್ದುತ್ತಿರಬಹುದು. ಇಬ್ಬರೂ ಪರಸ್ಪರರ ಹೆಸರನ್ನು ತಮ್ಮ ತಮ್ಮ ಲಿಪಿಯಲ್ಲಿ ಬರೆದುಕೊಡಲಿ. ಜಪಾನಿನ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯಬೇಕಾದ 1,026 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳ ಗೊಡವೆ ಈಗ ಬೇಡವೇ ಬೇಡ. ಜಪಾನಿಯಲ್ಲಿ ಲಕಾರ, ಳಕಾರಗಳಿಲ್ಲ. ಆ ಮಗು ‘ಬಳ್ಳಾರಿ’ ಎನ್ನಲು ತಡವರಿಸಿದರೆ ಯಾರೂ ನಗಬಾರದೆಂದು ಮಗಳಿಗೆ ಮೊದಲೇ ತಿಳಿಹೇಳಿ.

ಉತ್ತರ 2: ಕೊಪ್ಪಳದಿಂದ

ಮೇಲಿನವರ ಮಾತು ಸರಿಯಾಗಿದೆ. ಅದಕ್ಕೆ ಗೊಂಬೆಗಳನ್ನು ಸೇರಿಸಲು ಬಯಸುತ್ತೇನೆ. ನಮ್ಮ ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಮಾಡುವ ಬಣ್ಣದ ಗೊಂಬೆಯೊಂದನ್ನು ಆ ಮಗುವಿಗೆ ಕೊಡಿಸಿ. ಜಪಾನಿನ ಈಶಾನ್ಯದ ತೊಹೊಕು ಪ್ರಾಂತದಲ್ಲಿ ಕೈಕಾಲುಗಳಿಲ್ಲದ ‘ಕೊಕೆಶಿ’ ಎಂಬ ಮರದ ಗೊಂಬೆಗಳನ್ನು ಮಾಡುತ್ತಾರೆ. ಅವರ ಮನೆಯಲ್ಲಿ ಒಂದಿದ್ದರೆ ಮಕ್ಕಳು ಎರಡನ್ನೂ ಕೂಡಿಸಿ ಆಡಬಹುದು. ಮಾರ್ಚ್ 3ರಂದು ಹೆಣ್ಣುಮಕ್ಕಳಿಗಾಗಿ ಆಚರಿಸುವ ‘ಹಿನಾ ಮತ್ಸುರಿ’ಯಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿಯ ಗೊಂಬೆಗಳನ್ನಿಟ್ಟು ಪೂರ್ತಿ ಸಾಲನ್ನು ಕೂರಿಸುತ್ತಾರೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆ ಇಡುವ ಮನೆ ನಿಮ್ಮ ಬಳಗದಲ್ಲಿದ್ದರೆ ಆ ಕುಟುಂಬವನ್ನು ಅವಶ್ಯವಾಗಿ ಕರೆದೊಯ್ಯಿರಿ.

ಕಥೆಗಳಿಗೆ ‘ಕಾಮಿಶಿಬಾಯಿ’ ಬಹಳ ಸೊಗಸಾದ ದಾರಿ. 1930ರ ದಶಕದಲ್ಲಿ ಕಥೆ ಹೇಳುವವರು ಸೈಕಲ್ಲಿನ ಮೇಲೆ ಪುಟ್ಟ ಮರದ ಚೌಕಟ್ಟನ್ನು ಇಟ್ಟುಕೊಂಡು ಬೀದಿಗೆ ಬಂದು, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ನಡೆಸುತ್ತಿದ್ದರು. ರಟ್ಟಿನ ಪೆಟ್ಟಿಗೆಯಿಂದ ಇದನ್ನು ಮನೆಯಲ್ಲಿಯೇ ಮಾಡಬಹುದು. ಚಿತ್ರಗಳನ್ನು ಮಕ್ಕಳೇ ಬರೆಯಲಿ, ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ಹೇಳಲಿ. ನಮ್ಮಲ್ಲಿ ತೊಗಲುಗೊಂಬೆಯಾಟವಿದೆ, ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿ. ಸಮೀಪದಲ್ಲಿ ಪ್ರದರ್ಶನವಿದ್ದಾಗ ಇಬ್ಬರು ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ.

ಉತ್ತರ 3: ಬಳ್ಳಾರಿಯ ಪ್ರಾಥಮಿಕ ಶಾಲಾ ಶಿಕ್ಷಕಿ

ಒಂದು ಎಚ್ಚರಿಕೆಯನ್ನು ಪ್ರೀತಿಯಿಂದಲೇ ಹೇಳುತ್ತೇನೆ. ಆ ಪುಟ್ಟ ಮಗುವನ್ನು ನಿಮ್ಮ ಮಗಳ ಪಾಠದ ಸಾಧನವಾಗಿ ನೋಡಬೇಡಿ, ‘ಇದಕ್ಕೆ ಜಪಾನಿಯಲ್ಲಿ ಏನೆನ್ನುತ್ತಾರೆ’ ಎಂದು ಕ್ಷಣಕ್ಷಣಕ್ಕೂ ಕೇಳಬೇಡಿ. ಮನೆ, ಅಜ್ಜ ಅಜ್ಜಿಯರನ್ನು ಬಿಟ್ಟು ಬಂದಿರುವ ಅವಳಿಗೆ ಮೊದಲು ಬೇಕಾದುದು ಗೆಳತಿ. ಅವಳು ಕಲಿಯುವ ಕನ್ನಡಕ್ಕೂ ಅಷ್ಟೇ ಸಂತೋಷಪಡಿ.

ಊಟದ ಬಗ್ಗೆ: ನಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿಗಳ ಖಾರ ಅವಳಿಗೆ ಅಭ್ಯಾಸವಿರಲಾರದು, ಮೊಸರನ್ನ, ಚಪಾತಿ, ಬಾಳೆಹಣ್ಣಿನಿಂದ ಆರಂಭಿಸಿ. ಅಲರ್ಜಿ ಏನಾದರೂ ಇದೆಯೇ ಎಂದು ಅವಳ ತಾಯಿಯನ್ನು ಮುಂಚಿತವಾಗಿಯೇ ಕೇಳಿ. ನೀವು ಸಸ್ಯಾಹಾರಿಗಳಾಗಿದ್ದು, ನಿಮ್ಮ ಮಗಳು ಅವರ ಮನೆಯಲ್ಲಿ ಉಣ್ಣುವುದಿದ್ದರೆ ಅದನ್ನೂ ಮೊದಲೇ ತಿಳಿಸಬೇಕು, ಏಕೆಂದರೆ ತರಕಾರಿಯದೆಂದು ಕಾಣುವ ಅಲ್ಲಿನ ಅನೇಕ ಸಾರುಗಳಿಗೆ ಒಣಮೀನಿನ ತಿಳಿಯಾದ ‘ದಾಶಿ’ಯೇ ಆಧಾರ. ಬಡಿಸಿದ ಮೇಲೆ, ಊಟಕ್ಕೆ ಮೊದಲು ಆ ಮಗು ಕೈಜೋಡಿಸಿ ‘ಇತದಾಕಿಮಾಸ್’ ಎಂದಾಗ ನಿಮ್ಮ ಮಗಳೂ ಜೊತೆಗೆ ಹೇಳಲಿ, ಆಮೇಲೆ ಇಬ್ಬರೂ ಉಣ್ಣಲಿ.