ಸಭೆಗೆ ಹೊಸದಾಗಿ ಬಂದವರು ಒಂದು ತಿಂಗಳೊಳಗೆ ಕಾಣೆಯಾಗ್ತಾರೆ. ನಾವು ಎಲ್ಲಿ ಎಡವುತ್ತಿದ್ದೇವೆ?

ಪ್ರಶ್ನೆ: ಪೀಣ್ಯದ ಕಾರ್ಯದರ್ಶಿ

ಎಲ್ಲರಿಗೂ ವಂದನೆಗಳು. ಬೆಂಗಳೂರಿನ ಪೀಣ್ಯದ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗೆ, ಅಂದರೆ ಚರ್ಚಿಗೆ, ಈ ವರ್ಷ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಸುಮಾರು 140 ಕುಟುಂಬಗಳಿರುವ ಸಭೆ. ಸುತ್ತ ಗಾರ್ಮೆಂಟ್ಸ್, ಸಣ್ಣಪುಟ್ಟ ಕಾರ್ಖಾನೆ, ನರ್ಸಿಂಗ್ ಹೋಮ್‌ಗಳು. ಹಾಗಾಗಿ ಗದಗ, ಹಾವೇರಿ, ರಾಯಚೂರು, ಬೀದರ್, ಚಾಮರಾಜನಗರ ಕಡೆಯಿಂದ ಕೆಲಸಕ್ಕೆ ಬಂದವರು ಪ್ರತಿ ಭಾನುವಾರ ಒಬ್ಬಿಬ್ಬರಾದರೂ ಇರುತ್ತಾರೆ.

ಪ್ರಕಟಣೆಗಳ ಹೊತ್ತಿನಲ್ಲಿ ಹೊಸಬರನ್ನು ಎದ್ದು ನಿಲ್ಲಿಸಿ ಹೆಸರು ಹೇಳಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆರಾಧನೆ ಮುಗಿದ ಮೇಲೆ ಟೀ, ಬಿಸ್ಕತ್ತು. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಈಸ್ಟರ್‌ನಿಂದ ಈಚೆಗೆ ಆ ನೋಟ್‌ಬುಕ್ಕಿನಲ್ಲಿ 43 ಹೆಸರು ಸೇರಿವೆ. ಕಳೆದ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಒಂದೊಂದೇ ಹೆಸರಿಗೆ ಮುಖ ಹುಡುಕಿದೆ. ಆರು ಜನ ಸಿಕ್ಕರು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಸಮಿತಿಯಲ್ಲಿ ಈ ಮಾತು ಎತ್ತಿದೆ. ಬಾಗಿಲಲ್ಲಿ ನಿಲ್ಲುವವರಿಗೆ ಬ್ಯಾಡ್ಜ್ ಮಾಡಿಸೋಣ, ಹೊಸಬರಿಗೊಂದು ಹೊಸ ಒಡಂಬಡಿಕೆ ಪುಸ್ತಕ ಕೊಡೋಣ ಎಂದರು. ಕೊಡೋಣ, ತಪ್ಪಿಲ್ಲ. ಆದರೆ ಅಷ್ಟಕ್ಕೇ ಜನ ಉಳಿಯುತ್ತಾರೆ ಅಂತ ನನಗೆ ಅನ್ನಿಸುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಊರು ಬಿಟ್ಟು ಬಂದು ಇನ್ನೊಂದು ಸಭೆಗೆ ಸೇರಿದವರಿದ್ದರೆ, ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸಿತು, ಯಾವುದು ಹೊರಗೆ ಕಳಿಸಿತು, ಮುಚ್ಚುಮರೆಯಿಲ್ಲದೆ ಹೇಳಿ.

ಉತ್ತರ 1: ಬೆಟಗೇರಿಯಾಕಿ

ನೀವು ಕೇಳಿದ್ದು ಛಲೋ ಆತ್ರಿ. ಇದನ್ನ ಯಾರರ ಕೇಳಲಿ ಅಂತ ಬಾಳ ವರ್ಷದಿಂದ ಕಾಯಾಕತ್ತಿದ್ದೆ.

ನಾನು ಗದಗ ಹತ್ರದ ಬೆಟಗೇರಿಯಾಗ ಹುಟ್ಟಿ ಬೆಳದಾಕಿ. ಅಲ್ಲೆ ಜರ್ಮನ್ ಆಸ್ಪತ್ರಿ ಅಂತಾರಲ್ಲ, ಅದರ ಆಸುಪಾಸಿನಾಗ ನಮ್ಮ ಮನಿ. 2011ರಾಗ ನರ್ಸ್ ಕೆಲಸ ಸಿಕ್ಕು ಬೆಂಗಳೂರಿಗೆ ಬಂದೆ. ಮೊದಲನೇ ಭಾನುವಾರನ ಪಿಜಿ ಹತ್ರದ ಒಂದು ಸಭೆಕ್ಕ ಹೋದೆ. ನಿಮ್ಮಲ್ಲಿ ಹಂಗ ಅಲ್ಲೂ ಎದ್ದು ನಿಲ್ಲಿಸಿದ್ರು, ಚಪ್ಪಾಳಿ ಹೊಡದ್ರು. ಹೊರಗ ಬರೂಮುಂದ ಒಬ್ಬ ಹಿರಿಯ ಅಮ್ಮ ನಕ್ಕೋತ ಬಂದು ನನ್ನ ಕೈ ಹಿಡಕೊಂಡು ಕೇಳಿದ್ರು: "ನೀವು ಯಾರ ಪೈಕಿಯಮ್ಮಾ?"

ನಾ ಅಪ್ಪನ ಹೆಸರು ಹೇಳಿದೆ. ಊರು ಹೇಳಿದೆ. ಅಜ್ಜನ ಹೆಸರೂ ಹೇಳಿದೆ. "ಗೊತ್ತಾಗ್ಲಿಲ್ಲಲ್ಲ" ಅಂದ್ರು. ಕೈ ಬಿಟ್ರು. ಅವರು ಕೆಟ್ಟವರಲ್ರೀ, ಅಕ್ಕರೆಯಿಂದನ ಕೇಳಿದ್ರು. ನಮ್ಮ ಹಳೇ ಸಭೆಗಳೊಳಗ ಎಲ್ಲಾರೂ ಎಲ್ಲಾರಿಗೂ ಬೀಗರು, ಇಲ್ಲಾಂದ್ರ ಬೀಗರ ಬೀಗರು. ಒಂದು ಮನಿತನದ ಹೆಸರು ಹೇಳಿದ್ರ ಸಾಕು, ನಿಮ್ಮನ್ನ ಎಲ್ಲಿ ಕೂಡಿಸಬೇಕು ಅಂತ ಅವರಿಗೆ ತಿಳೀತದ. ನನ್ನ ಎಲ್ಲಿ ಕೂಡಿಸಬೇಕು ಅಂತ ಯಾರಿಗೂ ತಿಳೀಲಿಲ್ಲ. ಮುಂದಿನ ವಾರ ಇನ್ನೊಬ್ರು ಅದನ್ನ ಕೇಳಿದ್ರು. ಅದರ ಮುಂದಿನ ವಾರ ಮತ್ತೊಬ್ರು.

ಆದ್ರೂ ಬಿಡಲಿಲ್ಲ. ಡಿಸೆಂಬರ್ ಬಂತು. ಕ್ರಿಸ್ಮಸ್ ಹಾಡು ಹಾಡೋ ಕ್ಯಾರಲ್ ತಂಡ ಮನಿಮನಿಗೆ ಬರ್ತದ ಅಂತ ಪ್ರಕಟಣಿ ಆತು, ನಮ್ಮ ಏರಿಯಾಕ್ಕ 18ನೇ ತಾರೀಕು. ಅವ್ವ ಊರಿಂದ ಕರ್ಚಿಕಾಯಿ, ಶಂಕರಪಾಳಿ ಮಾಡಿ ಬಸ್ಸಿನಾಗ ಕೊಟ್ಟು ಕಳಿಸಿದ್ಲು. ಪಿಜಿ ಆಂಟಿಗೆ ಹೇಳಿ ಗೇಟ್ ಕೀಲಿ ಇಸಕೊಂಡಿದ್ದೆ. ರಾತ್ರಿ ಹನ್ನೊಂದರ ಸುಮಾರಿಗೆ ಗಿಟಾರ್ ಸಪ್ಪಳ ಕೇಳಿಸ್ತು. ಹಿಂದಿನ ಓಣ್ಯಾಗ ಹಾಡಾಕತ್ತಿದ್ರು. ಎರಡು ಹಾಡು ಪೂರ್ತಿ ಕೇಳಿಸಿದ್ವು. ಆಮ್ಯಾಲ ವ್ಯಾನ್ ಚಾಲೂ ಆತು, ಹೋತು. ನನ್ನ ಬಾಗಲಕ್ಕ ಬರಲಿಲ್ಲ. ಅವರ ಪಟ್ಟಿ ಸದಸ್ಯತ್ವದ ರಿಜಿಸ್ಟರಿನಿಂದ ಮಾಡಿದ್ದು, ಪಿಜಿಯಾಗ ಇರೋರ ಹೆಸರು ಅದರಾಗ ಎಲ್ಲಿಂದ ಬರಬೇಕು? ಅಷ್ಟೂ ತಿಂಡಿ ಮರುದಿನ ವಾರ್ಡಿನಾಗ ಹಂಚಿದೆ. ಆ ಸಭೆಕ್ಕ ಮತ್ತ ಹೋಗಲಿಲ್ಲ. ಒಂದು ವರ್ಷದ ಮ್ಯಾಲ ಯಾವ ಸಭೆಕ್ಕೂ ಹೋಗಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಅವರ ನೋಟ್‌ಬುಕ್ಕಿನಾಗೂ ನನ್ನ ನಂಬರ್ ಇತ್ತು.

ಎರಡನೇ ಸಭೆ, ಈಗ ಇರೋದು, ಹ್ಯಾಂಗ ಹಿಡಕೊಂತು ಅಂದ್ರ: ನೈಟ್ ಡ್ಯೂಟಿ ಮುಗಿಸಿ ಸೀದಾ ಹೋಗಿ ಹಿಂದ ಕುಂತಿದ್ದೆ. ವಾಕ್ಯದ ಪ್ರಸಂಗ ನಡದಾಗ ತೂಕಡಿಕಿ ಬಂತು. ಮಹಿಳಾ ಅನ್ಯೋನ್ಯ ಕೂಟದ ಒಬ್ಬ ಅಕ್ಕ ಆಮ್ಯಾಲ ಬಂದು ಯಾರ ಪೈಕಿ ಅಂತ ಕೇಳಲಿಲ್ಲ. "ನಾಷ್ಟಾ ಆಗ್ಯದೇನು?" ಅಂದ್ರು. ನನ್ನ ಶಿಫ್ಟ್ ಯಾವಾಗ ಬದಲಾಗ್ತದ ಅಂತ ಕೇಳಿ ತಮ್ಮ ಡೈರಿಯಾಗ ಬರಕೊಂಡ್ರು. ನೈಟ್ ಇದ್ದ ವಾರ ನನಗಂತ ಒಂದು ಡಬ್ಬಿ ಬರಾಕ ಹತ್ತಿತು. ಮೂರನೇ ತಿಂಗಳಿಗೆ ಅವರ ಒಂದು ಮಾತು ಹೇಳಿದ್ರು: "ಇಲ್ಲೆ ವಯಸ್ಸಾದವರು ಬಾಳ ಮಂದಿ ಅದಾರ. ತಿಂಗಳ ಮೊದಲನೇ ಭಾನುವಾರ ಅರ್ಧ ತಾಸು ಕುಂತು ಬಿಪಿ ನೋಡ್ತಿಯೇನವಾ?"

ವೆಸ್ಟ್ರಿ (ಪಾದ್ರಿಗಳ ಕೋಣಿ) ಪಕ್ಕ ಒಂದು ಮೇಜು, ಎರಡು ಕುರ್ಚಿ. ಬಿಪಿ ಕಫ್ ನಂದ. ಅಲ್ಲೆ ಕುಂತು ನಾಲ್ಕು ತಿಂಗಳಿನಾಗ ಆ ಸಭೆಯ ಅಜ್ಜ-ಅಜ್ಜಿ ಎಲ್ಲಾರ ಹೆಸರು, ಗುಳಿಗಿ, ಮಕ್ಕಳು ಎಲ್ಲದಾರ, ಯಾರು ಒಬ್ಬರ ಅದಾರ, ಎಲ್ಲಾ ನನಗ ಗೊತ್ತಾತು. ಅವರಿಗೆ ನನ್ನ ಹೆಸರು ಗೊತ್ತಾತು. ಹೋದ ವರ್ಷ ಹೊಸಬರೊಬ್ರು ನನ್ನ ಬಗ್ಗೆ "ಇವರು ಯಾರ ಪೈಕಿ?" ಅಂತ ಕೇಳಿದಾಗ ಒಬ್ಬ ಅಜ್ಜ ಥಟ್ಟನ ಅಂದ್ರು, "ಅಕಿ ನಮ್ಮ ಪೈಕಿ."

ಅದಕ್ಕ ಕೇಳ್ಕೋತೀನಿ, ಎದ್ದು ನಿಲ್ಲಿಸಬ್ಯಾಡ್ರಿ. ಹೆಸರು ಬರಕೊಂಡ್ರ ಆ ವಾರದಾಗ ಫೋನ್ ಮಾಡ್ರಿ, ಭಾನುವಾರದ ತನಕ ಕಾಯಬ್ಯಾಡ್ರಿ. ವಾಟ್ಸಾಪ್ ಗ್ರೂಪಿಗೆ ಸೇರಿಸೋ ಮುಂಚೆ ಅವರನ್ನ ಕೇಳ್ರಿ. ಅವರ ಕೈಯಾಗ ಏನು ಅದ ಅಂತ ನೋಡಿ, ಅವರಿಗೆ ಆಗೂವಂಥ ಒಂದು ಸಣ್ಣ ಕೆಲಸ ಕೊಡ್ರಿ. ಮತ್ತ ಈ ಡಿಸೆಂಬರಿನಾಗ ಕ್ಯಾರಲ್ ಪಟ್ಟಿ ಮಾಡೂಮುಂದ ಪಿಜಿ, ಬಾಡಗಿ ರೂಮು, ಫ್ಯಾಕ್ಟರಿ ಹಾಸ್ಟೆಲ್ ಮರೀಬ್ಯಾಡ್ರಿ. ಒಬ್ಬಾಕಿ ಕರ್ಚಿಕಾಯಿ ಡಬ್ಬಿ ಇಟ್ಕೊಂಡು ಕುಂತಿರ್ತಾಳ.

ಉತ್ತರ 2: ಬಲ್ಮಠದ ನಿವೃತ್ತ ಮೇಷ್ಟ್ರು

ಮೇಲಿನ ಸೋದರಿಯ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಯಾರ ಪೈಕಿ" ಎಂದು ಕೇಳುವವರಲ್ಲಿ ನಾನೂ ಒಬ್ಬ. ಮಂಗಳೂರಿನ ನಮ್ಮ ಬಾಸೆಲ್ ಮಿಷನ್ ಮೂಲದ ಸಭೆಗಳಲ್ಲಿ ಅದು ಕುಶಲ ವಿಚಾರಿಸಿದಷ್ಟೇ ಸಹಜ.

ಆದರೆ ನಮ್ಮದೇ ಚರಿತ್ರೆ ನೆನಪಿಸಿಕೊಳ್ಳಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಆಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಮನೆ, ಜಮೀನು, ಕಸುಬು, ನೆಂಟಸ್ತನ ಎಲ್ಲ ಕಳೆದುಕೊಂಡರು. ಅವರನ್ನು ಯಾರ ಪೈಕಿ ಎಂದು ಕೇಳಿದ್ದರೆ ಹೇಳಲು ಅವರಿಗೆ ಏನೂ ಇರಲಿಲ್ಲ. ಮಿಷನ್ನಿನವರು ಅವರಿಗೆ ಉಳಿಯಲು ಜಾಗ ಮಾಡಿಕೊಟ್ಟರು, ನೇಯ್ಗೆ ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಾವು ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆತನಗಳಲ್ಲಿ ಎಷ್ಟೋ ಅಲ್ಲಿಂದಲೇ ಚಿಗುರಿದವು. ಬಿಪಿ ಮೇಜಿನ ಕತೆ ಓದುವಾಗ ನನಗೆ ಅದೇ ಕಂಡಿತು.

ಒಂದು ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯ. ಕೆಲಸ ಕೊಡಿ ಎಂದ ಕೂಡಲೇ ನಮ್ಮ ಸಮಿತಿಗಳು ಖಾಲಿ ಬಿದ್ದ ಜಾಗಕ್ಕೆಲ್ಲ ಹೊಸಬರನ್ನು ತುಂಬಿಬಿಡುತ್ತವೆ. ನಾನು ಕಣ್ಣಾರೆ ಕಂಡದ್ದು: ಹೊಸದಾಗಿ ಬಂದ ಒಂದು ಗಂಡಹೆಂಡತಿ. ಎರಡೇ ತಿಂಗಳಲ್ಲಿ ಆತ ಯುವಜನರ ಕೂಟದ ಲೆಕ್ಕ ಬರೆಯುತ್ತಿದ್ದ, ಆಕೆ ಭಾನುವಾರ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವರ ಮನೆಗೆ ಮಾತ್ರ ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ. ಆಕೆಯ ತಾಯಿ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಹತ್ತು ದಿನ ಕಳೆದ ಮೇಲೆ. ಅವರು ಬರುವುದು ನಿಲ್ಲಿಸಿದರು. ಆ ಅಕ್ಕ ಮೂರು ತಿಂಗಳು ಬುತ್ತಿ ತಂದ ಮೇಲೆ ತಾನೇ ಬಿಪಿಯ ಮಾತು ತೆಗೆದದ್ದು? ಕಾರ್ಯದರ್ಶಿಗಳೇ, ಆ ಮೂರು ತಿಂಗಳನ್ನು ಬಿಟ್ಟುಬಿಡಬೇಡಿ.

ಇನ್ನೊಂದು. ಬೀದರಿನವರು ಬರುತ್ತಾರೆ ಎಂದಿರಿ. ಅವರಲ್ಲಿ ಹೆಚ್ಚಿನವರು ಮೆಥೋಡಿಸ್ಟ್ ಎಂಬ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದವರಿರಬಹುದು. 1947ರಲ್ಲಿ ಹಲವು ಪಂಗಡಗಳು ಕೂಡಿ ಸಿಎಸ್‌ಐ ಆದಾಗ ಮೈಸೂರು ಸೀಮೆಯ ವೆಸ್ಲಿಯನ್ ಮೆಥೋಡಿಸ್ಟರು ಸೇರಿದರು, ಅಮೆರಿಕನ್ ಮಿಷನ್ನಿನಿಂದ ಬೆಳೆದ ಬೀದರಿನ ಕಡೆಯ ಸಭೆಗಳು ಸೇರಲಿಲ್ಲ. ಹಾಗಾಗಿ ನಿಮ್ಮ ಆರಾಧನಾ ಕ್ರಮ ಅವರಿಗೆ ಹೊಸದು. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು, ಪ್ರಭುಭೋಜನಕ್ಕೆ ತಾವು ಮುಂದೆ ಹೋಗಬಹುದೇ ಎಂಬ ಅಳುಕಿನಲ್ಲೇ ಹಿಂದಿನ ಬೆಂಚಿನಲ್ಲಿ ಉಳಿದುಬಿಡುತ್ತಾರೆ. ಪಕ್ಕದಲ್ಲಿ ಕೂತು ಪುಸ್ತಕದ ಪುಟ ತೆಗೆದುಕೊಡಲು ಒಬ್ಬರಿರಲಿ. ಪ್ರಭುಭೋಜನಕ್ಕೆ ಯಾರೆಲ್ಲ ಬರಬಹುದು ಎಂಬುದನ್ನು ಅಯ್ಯನವರೇ (ಪಾದ್ರಿಗಳೇ) ಬಾಯಿಬಿಟ್ಟು ಹೇಳಲಿ.

ಉತ್ತರ 3: ಗುರ್ಕಾರನ ಮಗ

ನಾವು ಕಥೊಲಿಕರು, ಕೊಂಕಣಿ ಮಾತಾಡುವವರು. ನಮ್ಮಲ್ಲಿ ಚರ್ಚನ್ನು ವಾಡೊ ಎಂದು ಹಂಚಿರುತ್ತಾರೆ, ಪ್ರತಿ ವಾಡೊಗೆ ಒಬ್ಬ ಗುರ್ಕಾರ, ಅಂದರೆ ಮುಖಂಡ. ನನ್ನ ಅಪ್ಪ ಗುರ್ಕಾರರಾಗಿದ್ದರು. ಅವರ ಲೆಕ್ಕದಲ್ಲಿ ಇದ್ದದ್ದು 24 ಮನೆ. ಬಾಡಿಗೆಗೆ ಯಾರಾದರೂ ಬಂದರೆ ಆ ವಾರವೇ ಸಂಜೆ ಟಾರ್ಚ್ ಹಿಡಿದು ಹೋಗಿ ಮಾತಾಡಿಸಿ ಬರುತ್ತಿದ್ದರು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಚರ್ಚಿನಲ್ಲಿ ಹೊಸ ತೆನೆ ಆಶೀರ್ವದಿಸಿ ಕುಟುಂಬಕ್ಕೆ ಇಷ್ಟು ಅಂತ ಕೊಡುತ್ತಾರೆ. ಆ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಮನೆಮಂದಿ ಒಟ್ಟಿಗೆ ಹೊಸತು ಉಣ್ಣುವುದು. ಒಂದು ವರ್ಷ ಹಾಸನ ಕಡೆಯಿಂದ ಬಂದ ಕನ್ನಡದ ಕುಟುಂಬವೊಂದು ನಮ್ಮ ವಾಡೊದಲ್ಲಿತ್ತು. ಅವರಿಗೆ ಕೊಂಕಣಿ ಬಾರದು, ಈ ಹಬ್ಬದ ಪದ್ಧತಿಯೂ ಗೊತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಅಪ್ಪ ಅವರ ಪಾಲಿನ ತೆನೆ ಕೇಳಿ ತಗೊಂಡು, ನನ್ನನ್ನೂ ಕರಕೊಂಡು ಅವರ ಮನೆಗೆ ಹೋದರು. ಹೇಗೆ ಮಾಡುವುದು ಅಂತ ಕನ್ನಡದಲ್ಲಿ ಹೇಳಿಕೊಟ್ಟು, ಅಲ್ಲೇ ಕೂತು ಊಟ ಮಾಡಿ ಬಂದೆವು. ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು, ಎರಡನೇ ಸಲ ಉಂಡೆವು.

140 ಕುಟುಂಬವನ್ನು ಒಬ್ಬ ಕಾರ್ಯದರ್ಶಿ ನೋಡಲಿಕ್ಕೆ ಆಗುವುದಿಲ್ಲ. ಬೀದಿ ಹಂಚಿ. ಒಬ್ಬರಿಗೆ ಇಪ್ಪತ್ತು ಮನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರದ ನಂತರ

ಮೂವರಿಗೂ ಮನಸ್ಸಿನಿಂದ ವಂದನೆ. ಬೆಟಗೇರಿಯ ಅಕ್ಕನ ಬರಹವನ್ನು ಸಮಿತಿಯಲ್ಲಿ ಪೂರ್ತಿ ಓದಿದೆ. ಕ್ಯಾರಲ್ ತಂಡದ ಹುಡುಗರು ಸಮಿತಿಯ ಸಭೆ ಮುಗಿಯುವ ಮೊದಲೇ ಪಿಜಿಗಳ ಪಟ್ಟಿ ಶುರು ಮಾಡಿದರು.

ನೋಟ್‌ಬುಕ್ಕಿನಲ್ಲಿ ಉಳಿದಿದ್ದ 37 ನಂಬರಿಗೆ ನಾನೂ ನನ್ನ ಹೆಂಡತಿಯೂ ಫೋನ್ ಮಾಡಿದೆವು. 21 ಜನ ಎತ್ತಿದರು. ಕೆಲವರು ಊರಿಗೆ ವಾಪಸ್ ಹೋಗಿದ್ದಾರೆ, ಕೆಲವರು ಬೇರೆ ಸಭೆಯಲ್ಲಿ ನೆಲೆಯಾಗಿದ್ದಾರೆ, ಅವರಿಗಾಗಿ ಸಂತೋಷಪಟ್ಟೆವು. ರಾಯಚೂರಿನ ಒಬ್ಬ ತಾಯಿ, ಗಾರ್ಮೆಂಟ್ಸಿನಲ್ಲಿ ಟೈಲರ್, ಹೇಳಿದ ಮಾತು ಮರೆಯಲಾಗುತ್ತಿಲ್ಲ. ಕಾಣಿಕೆ ಹೊತ್ತಿನಲ್ಲಿ ಎಲ್ಲರ ಕೈಯಲ್ಲೂ ಹೆಸರು ಬರೆದ ಕವರ್ ಇರುತ್ತಿತ್ತಂತೆ, ತನ್ನ ಕೈಯಲ್ಲಿ ಬರೀ ಹತ್ತು ರೂಪಾಯಿ ನೋಟು, ಅದಕ್ಕೆ ನಾಚಿಕೆಯಾಗಿ ಬಿಟ್ಟೆ ಅಂದರು. ಆ ಕವರುಗಳನ್ನು ಅಚ್ಚು ಹಾಕಿಸುವವನು ನಾನೇ. ಒಂದು ಸಲವೂ ನನಗೆ ಹೊಳೆದಿರಲಿಲ್ಲ.

ಮೇಷ್ಟ್ರ ಮಾತು ನೆನಪಿಟ್ಟುಕೊಂಡು ಅವರಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಎರಡು ಸಲ ಅವರ ಮನೆಗೆ ಹೋಗಿ ಬಂದೆವು. ಎರಡನೇ ಸಲ ಅವರೇ ಕೇಳಿದರು, "ನಿಮ್ಮ ಕ್ವಾಯರ್ ಮಕ್ಕಳ ನಿಲುವಂಗಿ ಅಂಚೆಲ್ಲ ಬಿಚ್ಚಿತ್ತಲ್ಲ, ಯಾರೂ ಹೊಲಿದುಕೊಡಲಿಲ್ವಾ?" ಭಾನುವಾರ ಕೆಲವೊಮ್ಮೆ ಓವರ್‌ಟೈಮ್ ಇರುತ್ತದಂತೆ. ಈ ಶನಿವಾರ ಸಂಜೆ ಐದಕ್ಕೆ ಬರುತ್ತೇನೆ ಅಂದಿದ್ದಾರೆ. ಅನ್ಯೋನ್ಯ ಕೂಟದ ಕೋಣೆಯಲ್ಲಿ ಒಂದು ಹಳೇ ಹೊಲಿಗೆ ಮಿಷನ್ ಇದೆ. ನಾಳೆ ಹೋಗಿ ಅದಕ್ಕೆ ಎಣ್ಣೆ ಬಿಡಬೇಕು.