ಎದುರಾಳಿ ಕಾಲೇಜಿನ ತರಬೇತುದಾರರನ್ನೇ ನಮ್ಮ ಕಬಡ್ಡಿ ತಂಡಕ್ಕೆ ಕರೆತರಬಹುದೇ?

ಪ್ರಶ್ನೆ: ಅಜ್ಜರಕಾಡು ಗ್ಯಾಲರಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಪದವಿ ಕಾಲೇಜೊಂದರ ಹಳೆ ವಿದ್ಯಾರ್ಥಿ ಸಂಘದಲ್ಲಿ ಕ್ರೀಡಾ ಸಮಿತಿಯ ಜವಾಬ್ದಾರಿ ನನ್ನ ಮೇಲಿದೆ. ನಮ್ಮ ಪುರುಷರ ಕಬಡ್ಡಿ ತಂಡದ ಮುಖ್ಯ ತರಬೇತುದಾರರು ಕುಟುಂಬದೊಂದಿಗೆ ಬೆಂಗಳೂರಿಗೆ ಹೋಗುತ್ತಿರುವುದರಿಂದ, ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಹೊಸಬರನ್ನು ನೇಮಿಸಬೇಕಾಗಿದೆ. ಅವರ ಗೌರವಧನವನ್ನು ಕಾಲೇಜಿನ ಬದಲು ನಮ್ಮ ಸಂಘವೇ ಭರಿಸುವುದರಿಂದ ಆಯ್ಕೆಯಲ್ಲಿಯೂ ಸಂಘದ ಮಾತು ನಡೆಯುತ್ತದೆ.

ಸಮಿತಿಯ ಮುಂದಿರುವ ಹೆಸರುಗಳು ಎರಡು. ಒಬ್ಬರು ಈಗಿನ ಸಹಾಯಕ ತರಬೇತುದಾರರು. ನಮ್ಮದೇ ಕಾಲೇಜಿನ ಹಳೆಯ ರೈಡರ್, ಹಾಸ್ಟೆಲಿನ ಹುಡುಗರೆಲ್ಲ ‘ಅಣ್ಣ’ ಎಂದು ಕರೆಯುವವರು. ಇನ್ನೊಬ್ಬರು, ಈ ಬಾರಿಯ ಅಂತರ ಕಾಲೇಜು ಪಂದ್ಯಾಟದ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಮಂಗಳೂರು ಕಡೆಯ ಕಾಲೇಜಿನ ತರಬೇತುದಾರರು. ಅವರು ಬರಲು ಒಪ್ಪಬಹುದೆಂದು ಮಧ್ಯಸ್ಥರೊಬ್ಬರ ಮೂಲಕ ತಿಳಿದುಬಂದಿದೆ. ಸಂಘದ ದೊಡ್ಡ ದಾನಿಗಳಲ್ಲಿ ಹಲವರಿಗೆ ಅವರೇ ಬೇಕು. ಆದರೆ ಆ ಒತ್ತಾಯದಲ್ಲಿ ಆಟದ ಲೆಕ್ಕಾಚಾರಕ್ಕಿಂತ ಸೇಡಿನ ಲೆಕ್ಕಾಚಾರವೇ ಹೆಚ್ಚಾಗಿದೆಯೇನೋ ಎಂಬ ಅನುಮಾನ ನನಗಿದೆ.

ಅನುಮಾನಕ್ಕೆ ಕಾರಣ ಆ ಫೈನಲ್‌ನ ರಾತ್ರಿ ನಡೆದ ಸಂಗತಿಗಳು. ನಾಸಿಕ್ ಬ್ಯಾಂಡ್, ಸೀಟಿ, ಘೋಷಣೆಗಳಿಗೆ ನನ್ನ ಆಕ್ಷೇಪವಿಲ್ಲ. ಹೊನಲು ಬೆಳಕಿನ ಪಂದ್ಯಾಟಕ್ಕೆ ಅವೆಲ್ಲ ಇರಬೇಕಾದದ್ದೇ. ಎದುರಾಳಿ ತಂಡದ ಮುಖ್ಯ ರೈಡರ್‌ನ ತಾಯಿ ಮೀನು ಮಾರುವವರೆಂದು ಯಾರಿಗೋ ತಿಳಿದು, ಆ ಹುಡುಗ ರೈಡ್‌ಗೆ ಬಂದಾಗಲೆಲ್ಲ ನಮ್ಮ ಗ್ಯಾಲರಿಯಿಂದ ಬಂಗುಡೆ, ಬೂತಾಯಿಯ ದರ ಕೂಗಲಾರಂಭಿಸಿದರು. ಕೂಗಿದವರಲ್ಲಿ ವಿದ್ಯಾರ್ಥಿಗಳಷ್ಟೇ ಇರಲಿಲ್ಲ, ನಲವತ್ತು ದಾಟಿದ ಹಳೆ ವಿದ್ಯಾರ್ಥಿಗಳೂ ಇದ್ದರು. ಕೊನೆಯ ನಿಮಿಷಗಳಲ್ಲಿ ಬೋನಸ್ ಅಂಕವೊಂದರ ತೀರ್ಪು ನಮ್ಮ ವಿರುದ್ಧ ಹೋದಾಗ ಜನರು ಅಂಕಣದ ಅಂಚಿಗೇ ನುಗ್ಗಿ, ಪಂದ್ಯವನ್ನು ನಿಲ್ಲಿಸಬೇಕಾಯಿತು.

ಈ ಹಿನ್ನೆಲೆಯಲ್ಲಿ ಎದುರಾಳಿಯ ತರಬೇತುದಾರರನ್ನು ಕರೆತಂದರೆ ಏನಾಗಬಹುದು, ಒಳಗಿನವರನ್ನೇ ಮುಂದುವರಿಸಿದರೆ ಏನಾಗಬಹುದು ಎಂಬ ಬಗ್ಗೆ ಅನುಭವಿಗಳ ಅಭಿಪ್ರಾಯ ಬೇಕು. ಕಾಲೇಜುಗಳ ಹೆಸರನ್ನು ಊಹಿಸುವ ಪ್ರಯತ್ನ ದಯವಿಟ್ಟು ಬೇಡ.

ಉತ್ತರ: ಮೂರನೇ ರೈಡ್, ಮಂಗಳೂರು

ಉದ್ಯೋಗ ನಿಮಿತ್ತ ಕೆಲವು ವರ್ಷ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿದ್ದು, ಅಲ್ಲಿನ ಕಾಲೇಜು ಬೇಸ್‌ಬಾಲ್‌ನ ಹುಚ್ಚು ಹಿಡಿಸಿಕೊಂಡು ಊರಿಗೆ ಮರಳಿದವನು ನಾನು. ನಿಮ್ಮ ಪ್ರಶ್ನೆಯನ್ನು ಓದಿದಾಗ 2024ರ ಜೂನ್ ತಿಂಗಳು ನೆನಪಾಯಿತು.

ಅಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೂ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೂ ಇರುವ ಪೈಪೋಟಿ ನೂರು ವರ್ಷಕ್ಕೂ ಹಳೆಯದು. ಒಂದೇ ಮನೆಯಲ್ಲಿ ಅಣ್ಣ ಇಲ್ಲಿ, ತಂಗಿ ಅಲ್ಲಿ ಓದಿದ್ದರೆ ಪಂದ್ಯದ ದಿನ ಊಟದ ಮೇಜಿನಲ್ಲಿ ಮಾತು ನಿಲ್ಲುತ್ತದೆ. ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾದ 64 ತಂಡಗಳಲ್ಲಿ ಕೊನೆಗೆ ಎಂಟು ಉಳಿದು, ನೆಬ್ರಾಸ್ಕದ ಒಮಾಹ ನಗರದಲ್ಲಿ ಕಾಲೇಜು ವಿಶ್ವ ಸರಣಿಯನ್ನು ಆಡುತ್ತವೆ. ಆ ವರ್ಷ ಎ ಆ್ಯಂಡ್ ಎಂ ತಂಡ ಫೈನಲ್‌ವರೆಗೆ ಹೋಗಿ, ಜೂನ್ 24ರಂದು ಟೆನೆಸಿ ತಂಡಕ್ಕೆ ನಿರ್ಣಾಯಕ ಪಂದ್ಯವನ್ನು ಒಂದೇ ಓಟದ ಅಂತರದಲ್ಲಿ ಸೋತಿತು. ಮರುದಿನವೇ ಅದರ ಮುಖ್ಯ ತರಬೇತುದಾರ ಜಿಮ್ ಷ್ಲಾಸ್ನೇಗಲ್ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಹಿಂದಿನ ರಾತ್ರಿ ಪತ್ರಕರ್ತರೊಬ್ಬರು ಈ ವದಂತಿಯ ಬಗ್ಗೆ ಕೇಳಿದಾಗ ಅವರನ್ನು ಎಲ್ಲರೆದುರು ಗದರಿದ್ದವರೂ ಇವರೇ ಆದ್ದರಿಂದ, ಅಭಿಮಾನಿಗಳಿಗೆ ಸೋಲಿಗಿಂತ ಆ ಗದರಿಕೆಯೇ ಹೆಚ್ಚು ನೋವುಂಟುಮಾಡಿತು.

ಮುಂದೆ ನಡೆದದ್ದು ನಿಮ್ಮ ಸಮಿತಿಗೆ ಉಪಯೋಗವಾಗಬಹುದು. ಎ ಆ್ಯಂಡ್ ಎಂ ತನ್ನ ಬ್ಯಾಟಿಂಗ್ ತರಬೇತುದಾರರಾಗಿದ್ದ ಮೈಕಲ್ ಅರ್ಲಿ ಅವರಿಗೆ ಮುಖ್ಯ ಹುದ್ದೆಯನ್ನು ಕೊಟ್ಟಿತು. ತಂಡ ಬಿಟ್ಟು ಹೋಗಲು ಹೊರಟಿದ್ದ ಹಲವು ಆಟಗಾರರು ಅದರಿಂದ ಉಳಿದುಕೊಂಡರು. 2025ರ ಋತುವಿನ ಆರಂಭದಲ್ಲಿ ಪರಿಣತರು ಆ ತಂಡವನ್ನು ದೇಶದ ಮೊದಲ ಸ್ಥಾನದಲ್ಲಿ ಇರಿಸಿದ್ದರು. ಕೊನೆಗೆ ಅದು ಆ 64 ತಂಡಗಳ ಪಟ್ಟಿಯನ್ನೂ ಸೇರಲಿಲ್ಲ. ಟೆಕ್ಸಸ್ ಅದೇ ವರ್ಷ ತನ್ನ ಹೊಸ ಲೀಗ್‌ನ ಪ್ರಶಸ್ತಿಯನ್ನು ಮೊದಲ ಪ್ರಯತ್ನದಲ್ಲೇ ಗೆದ್ದರೂ, ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಹಂತದಲ್ಲೇ, ಅದೂ ತನ್ನದೇ ಮೈದಾನದಲ್ಲಿ, ಹೊರಬಿತ್ತು. ಎದುರಾಳಿಯ ಮನೆಯಿಂದ ತಂದವರೂ ಒಳಗಿನಿಂದ ಎತ್ತಿದವರೂ ಮೊದಲ ವರ್ಷವೇ ಒಮಾಹ ತಲುಪಲಿಲ್ಲ.

ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಇನ್ನೂ ಉದ್ದವಾದದ್ದು. ಅಲ್ಲಿ ಸ್ಕಿಪ್ ಬರ್ಟ್‌ಮನ್ 1991ರಿಂದ 2000ದೊಳಗೆ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದು ನಿವೃತ್ತರಾದಾಗ, ಅವರ ಹಳೆಯ ಸಹಾಯಕ ಸ್ಮೋಕ್ ಲಾವಲ್ ಉತ್ತರಾಧಿಕಾರಿಯಾದರು. ಲಾವಲ್ 2003 ಮತ್ತು 2004ರಲ್ಲಿ ತಂಡವನ್ನು ಒಮಾಹಕ್ಕೆ ಒಯ್ದರೂ, ಬರ್ಟ್‌ಮನ್ ಕಾಲದ ಅಳತೆಗೋಲು ಅವರನ್ನು ಬಿಡಲಿಲ್ಲ; 2006ರಲ್ಲಿ ಹುದ್ದೆ ಬಿಟ್ಟರು. ಹೊರಗಿನಿಂದ ಬಂದ ಪಾಲ್ ಮೈನಿಯೇರಿ ಅವರ ಮೊದಲ ವರ್ಷವೂ ಕಳಪೆಯೇ, 2007ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯೇ ಸಿಗಲಿಲ್ಲ. ಆಡಳಿತದವರು ಆಗ ಕೈಬಿಡಲಿಲ್ಲ. 2009ರಲ್ಲಿ ಅದೇ ಮೈನಿಯೇರಿ ಪ್ರಶಸ್ತಿ ತಂದರು. ಆದ್ದರಿಂದ ಯಾರನ್ನು ತರುತ್ತೀರಿ ಎಂಬುದರ ಜೊತೆಗೆ, ಮೊದಲ ವರ್ಷ ಸೋತರೆ ನಿಮ್ಮ ದಾನಿಗಳು ಎಷ್ಟು ದಿನ ಸುಮ್ಮನಿರುತ್ತಾರೆ ಎಂಬುದನ್ನೂ ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಪ್ರೇಕ್ಷಕರ ಬಗ್ಗೆ ಒಂದು ಮಾತು. ಎ ಆ್ಯಂಡ್ ಎಂ ಮೈದಾನದಲ್ಲಿ ಎದುರಾಳಿ ಪಿಚರ್ (ಚೆಂಡು ಎಸೆಯುವವನು) ನಾಲ್ಕು ‘ಬಾಲ್’, ಅಂದರೆ ಗುರಿ ತಪ್ಪಿದ ಎಸೆತ, ಎಸೆದು ಬ್ಯಾಟರ್‌ನನ್ನು ಮೊದಲ ಬೇಸ್‌ಗೆ ಪುಕ್ಕಟೆ ನಡೆಸಿದರೆ, ಇಡೀ ಗ್ಯಾಲರಿ ಮುಂದಿನ ಎಸೆತದಿಂದ ‘ಐದು, ಆರು, ಏಳು’ ಎಂದು ಎಣಿಸುತ್ತಾ, ಅವನು ಸ್ಟ್ರೈಕ್ (ಸರಿಯಾದ ಎಸೆತ) ಎಸೆಯುವವರೆಗೆ ಬಿಡುವುದಿಲ್ಲ. ಪಿಚರ್‌ಗೆ ಅದು ನರಕ. ಆದರೂ ಆ ಕೂಗು ಅವನ ಎಸೆತವನ್ನು ಕುರಿತದ್ದೇ ಹೊರತು ಅವನ ಮನೆಯನ್ನಲ್ಲ. ಅಲ್ಲಿನ ಗ್ಯಾಲರಿಗಳಲ್ಲಿ ಹೊಲಸು ಮಾತೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಅಭ್ಯಾಸದಿಂದ ಬಂದ ಇಂಥ ಕೂಗುಗಳು ಉಳಿದ ಬಾಯಿಗಳನ್ನು ಸ್ವಲ್ಪಮಟ್ಟಿಗಾದರೂ ತುಂಬಿಸಿಡುತ್ತವೆ.

ಉತ್ತರ: ಕೊಣಾಜೆ ಹಳಬ

ಮೇಲಿನ ಉತ್ತರವನ್ನು ಆಸಕ್ತಿಯಿಂದ ಓದಿದೆ. ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದ ನನಗೆ, ಅಮೆರಿಕದ ಉದಾಹರಣೆಗಳನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸುವುದು ಕಷ್ಟವೆನಿಸುತ್ತದೆ. ಅಲ್ಲಿನ ಪ್ರಮುಖ ತಂಡಗಳ ತರಬೇತುದಾರರಿಗೆ ಹಲವು ವರ್ಷಗಳ ಲಿಖಿತ ಒಪ್ಪಂದವಿರುತ್ತದೆ, ಅವಧಿಗೆ ಮೊದಲು ಬಿಟ್ಟರೆ ಪರಿಹಾರದ ಷರತ್ತೂ ಇರುತ್ತದೆ. ನಮ್ಮ ಕಡೆ ಕಾಯಂ ಹುದ್ದೆ ದೈಹಿಕ ಶಿಕ್ಷಣ ನಿರ್ದೇಶಕರದ್ದು. ಕಬಡ್ಡಿ ತರಬೇತುದಾರರು ಸಾಮಾನ್ಯವಾಗಿ ಬಾಯಿಮಾತಿನ ಮೇಲೆ ಬರುತ್ತಾರೆ, ದಾನಿಗೆ ಬೇಸರವಾದರೆ ಬಾಯಿಮಾತಿನ ಮೇಲೆಯೇ ಹೋಗುತ್ತಾರೆ. ಎದುರಾಳಿ ಕಾಲೇಜಿನಿಂದ ಬರುವ ವ್ಯಕ್ತಿಗೆ ನೀವು ಎರಡು ಅಥವಾ ಮೂರು ವರ್ಷಗಳ ಕಾಗದವನ್ನು ಕೊಡದಿದ್ದರೆ, ಮುಂದಿನ ಬೇಸಿಗೆಯಲ್ಲಿ ಅವರು ಇನ್ನೊಂದು ಕಾಲೇಜಿಗೆ ಹೋದಾಗ ದ್ರೋಹವೆಂದು ಕೂಗುವ ಹಕ್ಕು ನಿಮಗಿರುವುದಿಲ್ಲ.

ಎರಡನೆಯ ಸಂಗತಿ ಹುಡುಗರದ್ದು. ನಮ್ಮ ಕರಾವಳಿಯಲ್ಲಿ ಒಳ್ಳೆಯ ರೈಡರ್ ಪಿಯುಸಿ ಮುಗಿಸುವ ಹೊತ್ತಿಗೇ ಉಚಿತ ಸೀಟು, ಹಾಸ್ಟೆಲ್, ಊಟದ ಆಹ್ವಾನಗಳು ಅವನ ಮನೆಗೆ ಬರುತ್ತವೆ. ತರಬೇತುದಾರರು ಬದಲಾದರೆ ಅವರನ್ನೇ ನಂಬಿ ಬಂದ ಹುಡುಗರ ಮನಸ್ಸೂ ಅಲುಗಾಡುತ್ತದೆ. ಮಂಗಳೂರು ಕಡೆಯವರನ್ನು ಕರೆಯುವಾಗ ಅವರ ಹಿಂದೆ ಯಾರು ಬರುತ್ತಾರೆ ಎಂದು ದಾನಿಗಳು ಲೆಕ್ಕಹಾಕುತ್ತಿರುವುದು ಖಚಿತ. ನಿಮ್ಮ ‘ಅಣ್ಣ’ ಹೊರಟರೆ ಯಾರು ಹೋಗುತ್ತಾರೆ ಎಂಬ ಲೆಕ್ಕವನ್ನು ಯಾರಾದರೂ ಹಾಕಿದ್ದಾರೆಯೇ?

ಇಬ್ಬರನ್ನೂ ಸಂದರ್ಶನಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಡಕ್ಕೆ ಏನು ಮಾಡಿಸುತ್ತೀರಿ? ಈ ಜಿಲ್ಲೆಗಳ ಮಳೆಯಲ್ಲಿ ಮಣ್ಣಿನ ಅಂಕಣ ಉಳಿಯುವುದಿಲ್ಲ. ಒಳಾಂಗಣದಲ್ಲಿ ಮ್ಯಾಟ್ ಸಿಗುವುದು ವಾರದಲ್ಲಿ ಕೆಲವೇ ಗಂಟೆ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದ ಹುಡುಗನಿಗೆ ಶೂ ಹಾಕಿ ಮ್ಯಾಟ್ ಮೇಲೆ ತಿರುಗುವಾಗ ಮಂಡಿ ಮತ್ತು ಹಿಮ್ಮಡಿಗೆ ಪೆಟ್ಟಾಗುವ ಅಪಾಯ ಹೆಚ್ಚು. ಆ ನಾಲ್ಕು ತಿಂಗಳಲ್ಲಿ ಯಾವ ವ್ಯಾಯಾಮ, ಯಾವ ಆಹಾರ, ಹಾಜರಾತಿ ಕೊರತೆಯಾಗದಂತೆ ಯಾವ ವೇಳಾಪಟ್ಟಿ ಎಂದು ಬರೆದು ಕೊಡಬಲ್ಲವರು ತರಬೇತುದಾರರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದ್ದರೆ ಒಳ್ಳೆಯದೇ, ಆದರೆ ಡಿಪ್ಲೊಮಾ ಇದ್ದೂ ಈ ಪ್ರಶ್ನೆಗೆ ಉತ್ತರಿಸಲಾರದವರನ್ನು ನಾನು ಕಂಡಿದ್ದೇನೆ.

ಉತ್ತರ: ಬೋನಸ್ ಗೆರೆ, ಕಾರ್ಕಳ

ವಿಶ್ವವಿದ್ಯಾಲಯ ತಂಡದಲ್ಲಿ ಆಡಿ, ಈಗ ಸ್ಥಳೀಯ ಪಂದ್ಯಾಟಗಳಲ್ಲಿ ತೀರ್ಪುಗಾರಳಾಗಿರುವ ನಾನು ಗ್ಯಾಲರಿಯ ವಿಷಯವನ್ನು ಮಾತ್ರ ಹೇಳುತ್ತೇನೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮ ಕಡೆಯ ಪ್ರೇಕ್ಷಕರಿಗೆ ನಿಯಮಗಳ ಜ್ಞಾನ ಬಹಳ ಹೆಚ್ಚಿದೆ. ಮೂರನೆಯ ರೈಡ್ ಖಾಲಿ ಹೋದರೆ ರೈಡರ್ ಔಟ್ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಟಿವಿಯಲ್ಲಿ ಮರುದೃಶ್ಯ ನೋಡಿ ಅಭ್ಯಾಸವಾದ ಕಣ್ಣು, ಮರುದೃಶ್ಯವೇ ಇಲ್ಲದ ಊರಿನ ಅಂಕಣದಲ್ಲಿ ತೀರ್ಪುಗಾರರನ್ನು ಅನುಮಾನಿಸುವುದೂ ಅಷ್ಟೇ ಹೆಚ್ಚಿದೆ. ಬೋನಸ್ ಅಂಕಕ್ಕೆ ರೈಡರ್‌ನ ಒಂದು ಪಾದ ಗೆರೆಯ ಆಚೆ ನೆಲ ಮುಟ್ಟಬೇಕು, ಆ ಕ್ಷಣ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಅಂಕಣದ ಪಕ್ಕದಲ್ಲಿ ನಿಂತ ನಮಗೇ ಕೆಲವೊಮ್ಮೆ ಕಷ್ಟವಾಗುವುದನ್ನು ಹಿಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ನಿಂತವರು ಖಂಡಿತವಾಗಿ ಕಂಡಿದ್ದೇವೆ ಎನ್ನುತ್ತಾರೆ.

ನನ್ನ ಅನುಭವದಲ್ಲಿ ಜನರು ನುಗ್ಗುವುದಕ್ಕೆ ಮೊದಲು ತಂಡದ ಬೆಂಚು ಎದ್ದಿರುತ್ತದೆ. ತರಬೇತುದಾರರು ಎರಡೂ ಕೈ ಮೇಲೆತ್ತಿ ಗ್ಯಾಲರಿಯ ಕಡೆ ತಿರುಗಿದರೆ ಮುಗಿಯಿತು, ಬಳಿಕ ಎಚ್ಚರಿಕೆಯ ಹಸಿರು ಕಾರ್ಡ್ ತೋರಿಸಿಯೂ ಪ್ರಯೋಜನವಿಲ್ಲ. ಅದೇ ಅವರು ನಾಯಕನನ್ನು ಮಾತ್ರ ನಮ್ಮ ಬಳಿ ಕಳುಹಿಸಿ ತಾವು ಕುಳಿತೇ ಇದ್ದರೆ ಕೂಗು ಅಲ್ಲಿಗೇ ಇಳಿಯುತ್ತದೆ. ನಿಮ್ಮ ಇಬ್ಬರು ಅಭ್ಯರ್ಥಿಗಳೂ ಆ ಫೈನಲ್‌ನಲ್ಲಿ ಬೆಂಚಿನಲ್ಲಿದ್ದವರೇ ಆಗಿರಬೇಕು. ಬೋನಸ್ ತೀರ್ಪಿನ ಹೊತ್ತಿನಲ್ಲಿ ಯಾರು ಏನು ಮಾಡಿದರೆಂಬುದು ಯಾವುದಾದರೂ ಮೊಬೈಲಿನಲ್ಲಿ ದಾಖಲಾಗಿರುತ್ತದೆ. ಪ್ರಮಾಣಪತ್ರಗಳಿಗಿಂತ ಮೊದಲು ಅದನ್ನು ನೋಡಿ.

ಮೀನಿನ ದರ ಕೂಗಿದ್ದರ ಬಗ್ಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಂಥ ಹಳ್ಳಿಯಿಂದ ಹೊರಟ ಮಮತಾ ಪೂಜಾರಿ 2012ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ತಂಡವನ್ನು ಮುನ್ನಡೆಸಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಈ ಜಿಲ್ಲೆಗಳ ಕಬಡ್ಡಿ ಬೆಳೆದದ್ದು ದುಡಿಯುವವರ ಮನೆಗಳಿಂದ. ಆ ಹುಡುಗನ ತಾಯಿಯ ಕಸುಬನ್ನು ಗೇಲಿ ಮಾಡಿದವರು ತಮ್ಮ ತಂಡದ ಏಳು ಜನರ ಮನೆಗೂ ಒಮ್ಮೆ ಹೋಗಿ ಬರಲಿ.

ಉತ್ತರ: ಹಳೆ ಕ್ಯಾಚರ್, ಕಟಪಾಡಿ

ಎಲ್ಲರೂ ಎದುರಾಳಿಯವರನ್ನು ತರುವುದೇ ತಪ್ಪೆಂಬಂತೆ ಬರೆದಿದ್ದೀರಿ. ಅವರು ಒಳ್ಳೆಯ ತರಬೇತುದಾರರು, ಗೆದ್ದು ತೋರಿಸಿದ್ದಾರೆ. ಸಂಬಳಕ್ಕೆ ದುಡಿಯುವ ಯಾವ ವ್ಯಕ್ತಿಗೂ ಉತ್ತಮ ಅವಕಾಶ ಕಂಡರೆ ಹೋಗುವ ಹಕ್ಕಿದೆ. ಬ್ಯಾಂಕಿನವರು, ಉಪನ್ಯಾಸಕರು ಹಾಗೆ ಹೋದರೆ ಯಾರೂ ಬ್ಯಾನರ್ ಹರಿಯುವುದಿಲ್ಲ. ಸಹಾಯಕರ ಮೇಲೆ ಹುಡುಗರಿಗಿರುವ ಪ್ರೀತಿ ನಿಜವೇ ಇರಬಹುದು, ಆದರೆ ‘ಅಣ್ಣ’ ಎಂದು ಕರೆಸಿಕೊಳ್ಳುವವರಿಗೆ ಫೈನಲ್‌ನಲ್ಲಿ ಹಿರಿಯ ಆಟಗಾರನನ್ನು ಹೊರಗೆ ಕೂರಿಸುವುದು ಸುಲಭವಲ್ಲ. ಇಬ್ಬರನ್ನೂ ಉಳಿಸಿಕೊಂಡು, ಹೊರಗಿನವರು ಮುಖ್ಯರಾಗಿ, ಒಳಗಿನವರು ಸಹಾಯಕರಾಗಿ ಮುಂದುವರಿದರೆ ಏನು ತೊಂದರೆ?

ಪ್ರತಿಕ್ರಿಯೆ: ಅಜ್ಜರಕಾಡು ಗ್ಯಾಲರಿ, ಉಡುಪಿ

ಎಲ್ಲರಿಗೂ ಧನ್ಯವಾದಗಳು. ಮೇಡಂ ಹೇಳಿದಂತೆ ಎರಡು ಮೊಬೈಲುಗಳ ದೃಶ್ಯಗಳನ್ನು ತರಿಸಿ ಸಮಿತಿಯ ಮೂವರು ಒಟ್ಟಿಗೆ ನೋಡಿದೆವು. ನಮ್ಮ ಮುಖ್ಯ ತರಬೇತುದಾರರು ಗ್ಯಾಲರಿಯ ಕಡೆ ಕೈಬೀಸುತ್ತಿದ್ದಾಗ ಸಹಾಯಕರು ಹುಡುಗರನ್ನು ಒಂದೆಡೆ ಕೂರಿಸಿ ನೀರು ಕೊಡುತ್ತಿದ್ದರು. ಮಂಗಳೂರು ಕಡೆಯವರೂ ಕುರ್ಚಿ ಬಿಟ್ಟು ಏಳಲಿಲ್ಲ, ಅದನ್ನೂ ಹೇಳಬೇಕು. ಇಬ್ಬರಿಂದಲೂ ಮಳೆಗಾಲದ ನಾಲ್ಕು ತಿಂಗಳ ಯೋಜನೆಯನ್ನು ಲಿಖಿತವಾಗಿ ಕೇಳಲು, ಆಯ್ಕೆಯಾದವರಿಗೆ ಮೂರು ವರ್ಷಗಳ ಒಪ್ಪಂದ ಕೊಡಲು ಸಮಿತಿ ಒಪ್ಪಿದೆ. ಇಬ್ಬರನ್ನೂ ಉಳಿಸಿಕೊಳ್ಳುವ ಸಲಹೆ ನನಗೂ ಹಿಡಿಸಿತ್ತು; ಆದರೆ ಸಹಾಯಕರನ್ನು ಕೇಳಿದಾಗ, ಅವಕಾಶ ಸಿಗದಿದ್ದರೆ ತಾವು ಹೈಸ್ಕೂಲ್ ಮಕ್ಕಳಿಗೆ ಕಲಿಸುವುದಾಗಿ ಸ್ಪಷ್ಟವಾಗಿ ತಿಳಿಸಿದರು.

ಇನ್ನೊಂದು ಸಂದೇಹವಿದೆ. ಮಂಗಳೂರು ಕಡೆಯವರೊಂದಿಗೆ ಮಾತುಕತೆ ಮುಂದುವರಿಸುವ ಮೊದಲು ಅವರ ಕಾಲೇಜಿಗೆ ತಿಳಿಸಬೇಕೇ?

ಉತ್ತರ: ಕೊಣಾಜೆ ಹಳಬ

ತಿಳಿಸಲೇಬೇಕು. ಆದರೆ ಮೊದಲು ಆ ತರಬೇತುದಾರರೇ ತಮ್ಮ ಪ್ರಾಂಶುಪಾಲರಿಗೆ ವಿಷಯ ಹೇಳಲಿ, ಬಳಿಕ ನಿಮ್ಮ ಪ್ರಾಂಶುಪಾಲರು ಪತ್ರ ಬರೆಯಲಿ. ಹಳೆ ವಿದ್ಯಾರ್ಥಿ ಸಂಘದ ಲೆಟರ್‌ಹೆಡ್‌ನಲ್ಲಿ ಬೇಡ. ಮಧ್ಯಸ್ಥರ ಮೂಲಕ ಬಂದ ಮಾತು ಇಷ್ಟು ಹೊತ್ತಿಗೆ ಅವರ ಹುಡುಗರ ವಾಟ್ಸ್‌ಆ್ಯಪ್ ಗುಂಪನ್ನು ತಲುಪಿರಬಹುದಾದ್ದರಿಂದ ಈ ವಾರವೇ ಮಾಡಿ. ಪತ್ರ ಬರೆಯುವಾಗ, ಆ ರೈಡರ್‌ನ ಬಗ್ಗೆ ನಿಮ್ಮ ಗ್ಯಾಲರಿಯಿಂದ ಬಂದ ಮಾತುಗಳಿಗೆ ಸಂಘದ ಪರವಾಗಿ ಒಂದು ಪ್ರತ್ಯೇಕ ಕ್ಷಮಾಪಣೆ ಪತ್ರವನ್ನೂ ಬರೆಯಿರಿ, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಬೇಡಿ.